ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಮಕ್ಕಳಿಗೆ ಶಕ್ತಿಯ ಪಾಠ ಮಾಡಿದ ನನ್ನ ಅನುಭವ

"ಶಕ್ತಿಯನ್ನು ಸೃಷ್ಟಿಸಲು ಆಗುವುದಿಲ್ಲ, ನಾಶ ಮಾಡಲೂ ಆಗುವುದಿಲ್ಲ." ಈ ಸಾಲನ್ನು ಹತ್ತು ವರ್ಷದ ಮಕ್ಕಳೂ ಗಡಗಡ ಅಂತ ಒಪ್ಪಿಸುತ್ತಾರೆ. ಅದೇ ಮಕ್ಕಳ ಮುಂದೆ ನೆಲದ ಮೇಲೆ ಒಂದು ಚೆಂಡು ಉರುಳಿಸಿ, ಅದು ನಿಂತ ಮೇಲೆ ಅದರ ಶಕ್ತಿ ಏನಾಯಿತು ಅಂತ ಕೇಳಿ. "ಮುಗಿದೋಯ್ತು ಮಿಸ್" ಅನ್ನುತ್ತಾರೆ. ಎರಡೂ ಮಾತು ಒಂದೇ ತಲೆಯಲ್ಲಿ ಜಗಳವಿಲ್ಲದೆ ಕೂತಿರುತ್ತವೆ.

ಅದಕ್ಕೇ ಆ ಸಾಲನ್ನು ನಾನು ಪಾಠದ ಕೊನೆಗೆ ಇಟ್ಟುಕೊಂಡಿದ್ದೇನೆ. ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ, ಉಷ್ಣ ಶಕ್ತಿ ಅಂತ ಪಟ್ಟಿಯನ್ನೂ ಮೊದಲೇ ಬರೆಸುವುದಿಲ್ಲ. ಪಟ್ಟಿ ಸಿಕ್ಕಿದರೆ ಮಕ್ಕಳು ಯೋಚನೆ ನಿಲ್ಲಿಸಿ ಹೆಸರು ಅಂಟಿಸಲು ಶುರು ಮಾಡುತ್ತಾರೆ. ನನ್ನ ಪಾಠ ನಡೆಯುವುದು ಎರಡು ಪ್ರಶ್ನೆಗಳ ಮೇಲೆ: ಎಲ್ಲಿಂದ ಬಂತು? ಎಲ್ಲಿಗೆ ಹೋಯಿತು? ಜೇಬಿನ ದುಡ್ಡಿಗೆ ಲೆಕ್ಕ ಕೊಡುವ ಹಾಗೆ ಇಲ್ಲೂ ಲೆಕ್ಕ ಕೊಡಬೇಕು. "ಮುಗಿದೋಯ್ತು" ಅನ್ನುವ ಉತ್ತರ ಮಾತ್ರ ನಡೆಯುವುದಿಲ್ಲ.

ಮೊದಲು ಕೈಗೆ ಕೊಡುವುದು ಒಂದು ಕೈ ಡೈನಮೋ. ಹಿಡಿ ತಿರುಗಿಸಿದರೆ ಬಲ್ಬ್ ಹೊತ್ತಿಕೊಳ್ಳುವ ಸಾಧನ. ಬಲ್ಬ್ ಹೊತ್ತಿದಾಗ ಮಕ್ಕಳಿಗೆ ಖುಷಿಯೋ ಖುಷಿ. ಆದರೆ ನನಗೆ ಬೇಕಾದದ್ದು ಬೆಳಕಲ್ಲ. ತಿರುಗಿಸುವವರು ಕಣ್ಣು ಮುಚ್ಚಿಕೊಳ್ಳಬೇಕು. ಪಕ್ಕದವರು ಸದ್ದಿಲ್ಲದೆ ಬಲ್ಬಿನ ವೈರನ್ನು ಒಮ್ಮೆ ಜೋಡಿಸುತ್ತಾರೆ, ಒಮ್ಮೆ ತೆಗೆಯುತ್ತಾರೆ. ಬಲ್ಬ್ ಯಾವಾಗ ಹೊತ್ತಿದೆ ಅಂತ ಕಣ್ಣು ಮುಚ್ಚಿದ್ದವರೇ ಹೇಳಬೇಕು. ಹೇಳುತ್ತಾರೆ! ವೈರ್ ತೆಗೆದಾಗ ಹಿಡಿ ಹಗುರ, ಜೋಡಿಸಿದ ತಕ್ಷಣ ಭಾರ. ತಂತಿ ಉರಿಯುವ ಹಳೆಯ ಟಾರ್ಚ್ ಬಲ್ಬ್ ಹಾಕಿದರೆ ಭಾರ ಚೆನ್ನಾಗಿ ತಿಳಿಯುತ್ತದೆ. ಪುಟ್ಟ ಎಲ್‌ಇಡಿ ಹಾಕಿದರೆ ತಿಳಿಯುವುದೇ ಕಷ್ಟ. ಎಲ್‌ಇಡಿಗೆ ಬೇಕಾಗುವ ಶಕ್ತಿಯೇ ಅಷ್ಟು ಕಡಿಮೆ. ಬೆಳಕು ಸುಮ್ನೆ ಬರುವುದಿಲ್ಲ, ಯಾರದ್ದೋ ತೋಳಿನಿಂದ ಬರಬೇಕು ಅನ್ನುವುದನ್ನು ಆಮೇಲೆ ನಾನು ಹೇಳಬೇಕಾಗಿಯೇ ಇಲ್ಲ.

ಎರಡು ಡೈನಮೋ ಇದ್ದರೆ ಇನ್ನೂ ಚೆನ್ನ. ಒಂದರ ವೈರುಗಳನ್ನು ಇನ್ನೊಂದಕ್ಕೆ ಜೋಡಿಸಿ. ಇಲ್ಲಿ ತಿರುಗಿಸಿದರೆ ಅಲ್ಲಿ ಹಿಡಿ ತಾನಾಗಿ ತಿರುಗುತ್ತದೆ. ಇಲ್ಲಿ ಹತ್ತು ಸುತ್ತು ತಿರುಗಿಸಿದರೆ ಅಲ್ಲಿ ಹತ್ತು ಆಗುವುದಿಲ್ಲ, ಕಡಿಮೆಯೇ ಆಗುತ್ತದೆ. ಉಳಿದದ್ದು ಎಲ್ಲಿ? ಮಕ್ಕಳು ಮೇಜಿನ ಕೆಳಗೆಲ್ಲ ಹುಡುಕುವವರ ಹಾಗೆ ಮುಖ ಮಾಡುತ್ತಾರೆ. ಪಾಠ ನಿಜವಾಗಿ ಶುರುವಾಗುವುದು ಇಲ್ಲಿಂದ.

ಏನಾದರೂ ಕಾಣೆಯಾದರೆ ಮಕ್ಕಳ ಮೊದಲ ಊಹೆ "ಸದ್ದಾಗಿ ಹೋಯ್ತು". ಟೆನಿಸ್ ಚೆಂಡನ್ನು ತೆಗೆದುಕೊಳ್ಳಿ. ಆಟದ ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್‌ವರೆಗೆ ಪುಟಿಯಬೇಕು. ಅಂದರೆ ಒಳ್ಳೆಯ ಚೆಂಡು ಕೂಡ ಒಂದೇ ಪುಟಿತದಲ್ಲಿ ಹತ್ತಿರ ಹತ್ತಿರ ಅರ್ಧ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದರಲ್ಲಿ ಸದ್ದಿನ ಪಾಲು ತೀರಾ ಚಿಕ್ಕದು. ಬಹುಪಾಲು ಹೋಗುವುದು ಚೆಂಡನ್ನು, ನೆಲವನ್ನು ಬಿಸಿ ಮಾಡಲು. ಮಕ್ಕಳು ಓಡಿಹೋಗಿ ಚೆಂಡು ಮುಟ್ಟುತ್ತಾರೆ. "ಬಿಸಿ ಏನಿಲ್ಲ ಮಿಸ್!" ನಿಜ, ಒಂದು ಪುಟಿತಕ್ಕೆ ಏರುವ ಬಿಸಿ ಒಂದು ಡಿಗ್ರಿಯ ನೂರನೇ ಒಂದು ಭಾಗವೂ ಇರುವುದಿಲ್ಲ. ಸ್ಕ್ವಾಷ್ ಆಡುವವರಿಗೆ ಇದು ಗೊತ್ತು. ಅವರು ಆಟಕ್ಕೆ ಮೊದಲು ಚೆಂಡನ್ನು ಗೋಡೆಗೆ ಮತ್ತೆ ಮತ್ತೆ ಹೊಡೆದು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಬೆಚ್ಚಗಾದ ಚೆಂಡು ಜಾಸ್ತಿ ಪುಟಿಯುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬಬೇಕಾಗಿಲ್ಲ. ಅದಕ್ಕೆ ಮರಳು. ಮುಚ್ಚಳ ಬಿಗಿಯಾಗಿರುವ ಫ್ಲಾಸ್ಕಿನಲ್ಲಿ ಕಾಲು ಭಾಗ ಒಣ ಮರಳು ಹಾಕಿ, ಡಿಜಿಟಲ್ ಥರ್ಮಾಮೀಟರ್‌ನಲ್ಲಿ ಎಷ್ಟಿದೆ ಅಂತ ಬರೆದಿಟ್ಟುಕೊಂಡು, ಕೈ ಸೋಲುವವರೆಗೆ ಜೋರಾಗಿ ಕುಲುಕಿಸುತ್ತೇನೆ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು. ಮತ್ತೆ ಅಳೆದರೆ ಒಂದೆರಡು ಡಿಗ್ರಿ ಏರಿರುತ್ತದೆ. ಜಾಣ ಮಗು ಒಂದಾದರೂ ಇದ್ದೇ ಇರುತ್ತದೆ: "ಕೈ ಬಿಸಿ ತಾಗಿರಬಹುದು ಅಲ್ವಾ?" ಹೌದು, ಇರಬಹುದು. ಹಾಗಾಗಿ ಅಂಥದ್ದೇ ಇನ್ನೊಂದು ಫ್ಲಾಸ್ಕನ್ನು ಒಬ್ಬರು ಅಷ್ಟೇ ಹೊತ್ತು ಅಲುಗಾಡಿಸದೆ ಹಿಡಿದು ಕೂರಬೇಕು. ಆ ಕೆಲಸ ಯಾರಿಗೂ ಬೇಡ. ಆದರೆ ಪ್ರಯೋಗ ನಿಂತಿರುವುದೇ ಅದರ ಮೇಲೆ. ಗಾಜಿನ ಲೈನರ್ ಇರುವ ಫ್ಲಾಸ್ಕ್ ಮಾತ್ರ ಬೇಡವೇ ಬೇಡ, ಸ್ಟೀಲಿನದೇ ಇರಲಿ.

ಅಷ್ಟು ಕುಲುಕಿಸಿದರೂ ಬರೀ ಎರಡು ಡಿಗ್ರಿನಾ ಅಂತ ಮಕ್ಕಳಿಗೆ ಬೇಜಾರು. ನನಗೆ ಬೇಕಾದದ್ದು ಅದೇ ಬೇಜಾರು. ಬೋರ್ಡಿನ ಮೇಲೆ ಲೆಕ್ಕ ಹಾಕುತ್ತೇವೆ. ಶಕ್ತಿಯನ್ನು ಅಳೆಯುವ ಮಾನ ಜೂಲ್. ಒಂದು ಕಿಲೋ ಭಾರವನ್ನು ಒಂದು ಮೀಟರ್ ಎತ್ತಲು ಸುಮಾರು 9.8 ಜೂಲ್ ಸಾಕು. ಒಂದು ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಬೇಕು. ಅಂದರೆ ಅಷ್ಟು ಶಕ್ತಿಯಲ್ಲಿ ಅದೇ ಒಂದು ಲೀಟರ್ ನೀರನ್ನು ಸುಮಾರು 430 ಮೀಟರ್ ಮೇಲಕ್ಕೆ ಒಯ್ಯಬಹುದು. ಐಫೆಲ್ ಗೋಪುರದ ತುದಿಗಿಂತ ನೂರು ಮೀಟರ್ ಮೇಲೆ! ದೊಡ್ಡ ಚಲನೆ ಬಿಸಿಯಾಗಿ ಬದಲಾದರೆ ಪುಟ್ಟದಾಗಿ ಕಾಣುತ್ತದೆ. ಅದಕ್ಕೇ ಚೆಂಡಿನ ಶಕ್ತಿ "ಮುಗಿದೋಯ್ತು" ಅಂತ ನಮಗೆಲ್ಲ ಅನ್ನಿಸುವುದು.

ಜೇಮ್ಸ್ ಜೂಲ್‌ನ ಕಥೆ ಹೇಳಲು ಇದು ಸರಿಯಾದ ಜಾಗ. 1840ರ ದಶಕದಲ್ಲಿ ಇಂಗ್ಲೆಂಡಿನ ಈ ಮನುಷ್ಯ ನೀರಿನ ಪಾತ್ರೆಯೊಳಗೆ ರೆಕ್ಕೆಚಕ್ರ ಇಟ್ಟು, ಭಾರದ ಗುಂಡುಗಳು ಕೆಳಗಿಳಿಯುವಾಗ ಅದು ತಿರುಗುವ ಹಾಗೆ ಮಾಡಿದ. ಗುಂಡು ಇಳಿದ ಮೇಲೆ ಮತ್ತೆ ಮೇಲಕ್ಕೆತ್ತಿ ಬಿಡುವುದು, ಮತ್ತೆ ಎತ್ತಿ ಬಿಡುವುದು. ಇಷ್ಟೆಲ್ಲ ಮಾಡಿದರೂ ನೀರು ಒಂದು ಡಿಗ್ರಿಯೂ ಬಿಸಿಯಾಗುತ್ತಿರಲಿಲ್ಲ. ಆ ಚೂರನ್ನೇ ಅವನು ಅಳೆದ. ಮರಳು ಕುಲುಕಿಸಿ ತೋಳು ನೋಯಿಸಿಕೊಂಡ ಮಕ್ಕಳು ಈ ಕಥೆಯನ್ನು ಬೇರೆ ಥರವೇ ಕೇಳುತ್ತಾರೆ. ಪ್ರಯೋಗಕ್ಕೆ ಮೊದಲೇ ಹೇಳಿದರೆ ಆಕಳಿಸುತ್ತಾರೆ.

ಈ ಲೆಕ್ಕ ಕೈಗೆ ಬಂದ ಮೇಲೆ ಒಂದು ಪಂದ್ಯ ಇಡುತ್ತೇನೆ. ಫುಲ್ ಚಾರ್ಜ್ ಆದ ಮೊಬೈಲ್ ಬ್ಯಾಟರಿಯ ಶಕ್ತಿಯನ್ನೆಲ್ಲ ಒಂದು ಲೀಟರ್ ನೀರಿಗೆ ಕೊಟ್ಟರೆ ನೀರು ಕುದಿಯುತ್ತದಾ? ಬಹಳ ಜನ ಕುದಿಯುತ್ತದೆ ಅಂತಲೇ ಕೈ ಎತ್ತುತ್ತಾರೆ. 5,000 ಎಂಎಎಚ್ ಬ್ಯಾಟರಿಯಲ್ಲಿ ಇರುವುದು ಸುಮಾರು 70,000 ಜೂಲ್. ಭಾಗಿಸಿ ನೋಡಿದರೆ ನೀರು ಏರುವುದು ಹದಿನಾರು ಹದಿನೇಳು ಡಿಗ್ರಿ, ಅಷ್ಟೇ.

ರಬ್ಬರ್ ಬ್ಯಾಂಡನ್ನು ದೊಡ್ಡ ಮಕ್ಕಳಿಗೆ ಮಾತ್ರ ಕೊಡುತ್ತೇನೆ. ಅಗಲವಾದ ಬ್ಯಾಂಡನ್ನು ಸರಕ್ಕನೆ ಎಳೆದು ಮೇಲ್ದುಟಿಗೆ ತಾಗಿಸಿದರೆ ಬೆಚ್ಚಗೆ. ಎಳೆದೇ ಹಿಡಿದು ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ಸಡಿಲಿಸಿ ತಾಗಿಸಿದರೆ ತಣ್ಣಗೆ. ಬಿಸಿ ಒಳಗಿನಿಂದ ಹೊರಗೆ ಬರಬಲ್ಲದು, ಮತ್ತೆ ಒಳಗೂ ಹೋಗಬಲ್ಲದು. ಕಾರಣ ಪೂರ್ತಿ ಹೇಳಲು ಹೋಗುವುದಿಲ್ಲ, ರಬ್ಬರಿನ ಒಳಗಿನ ಉದ್ದನೆಯ ಎಳೆಗಳ ಮಾತು ಮುಂದಿನ ತರಗತಿಗಿರಲಿ.

ಇಷ್ಟೆಲ್ಲ ಆದ ಮೇಲೆ ಆ ಸಾಲನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆದ ಕೂಡಲೇ ಯಾರಾದರೂ ಕೇಳಬೇಕು ಅಂತ ಕಾಯುವ ಒಂದು ಪ್ರಶ್ನೆ ಇದೆ. ಅದು ಬಂದರೆ ಪಾಠ ತಲೆಗೆ ಹೋಗಿದೆ ಅಂತ ಲೆಕ್ಕ: "ನಾಶವೇ ಆಗಲ್ಲ ಅಂದ್ರೆ ಲೈಟ್ ಆಫ್ ಮಾಡಿ, ಶಕ್ತಿ ಉಳಿಸಿ ಅಂತ ಯಾಕೆ ಹೇಳ್ತೀರಾ?"

ಇದಕ್ಕೆ ಉತ್ತರ ಕೊಡಲು ಒಂದು ಬಕೆಟ್ ಬೇಕು. ಹತ್ತು ಲೀಟರ್ ನೀರು, 25 ಡಿಗ್ರಿ. ಅದಕ್ಕೆ 80 ಡಿಗ್ರಿಯ ಒಂದು ಲೋಟ ಬಿಸಿನೀರು, 200 ಮಿಲಿಲೀಟರಿನಷ್ಟು, ನಾನೇ ಸುರಿಯುತ್ತೇನೆ. ಬಕೆಟ್ಟಿನ ನೀರು ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಲೋಟದ ಬಿಸಿಯೆಲ್ಲ ಒಳಗೇ ಇದೆ. ಈಗ ಯಾರಾದರೂ ಬಂದು ಆ 80 ಡಿಗ್ರಿಯ ಲೋಟವನ್ನು ವಾಪಸ್ ತೆಗೆದುಕೊಡಿ ನೋಡೋಣ ಅನ್ನುತ್ತೇನೆ. ನಗುತ್ತಾರೆ. ಶಕ್ತಿ ಎಲ್ಲೂ ಹೋಗಿಲ್ಲ, ಹರಡಿಕೊಂಡಿದೆ. ಹರಡಿದ ಮೇಲೆ ಅದರಿಂದ ಕೆಲಸ ಮಾಡಿಸುವುದು ಕಷ್ಟ. ನಾವು "ಉಳಿಸಿ" ಅನ್ನುವುದು ಇನ್ನೂ ಹರಡದೆ ಒಟ್ಟಿಗಿರುವ ಶಕ್ತಿಯನ್ನು, ಬ್ಯಾಟರಿಯಲ್ಲಿ, ಇಂಧನದಲ್ಲಿ, ಅಣೆಕಟ್ಟಿನ ನೀರಿನಲ್ಲಿ ಇರುವುದನ್ನು.

ಒಮ್ಮೆ ಒಬ್ಬ ಹುಡುಗಿ ಇಲ್ಲಿಗೂ ಬಿಡಲಿಲ್ಲ. "ಫ್ರಿಜ್ ತೆಗೆಯುತ್ತಲ್ಲ ಮಿಸ್? ತಣ್ಣಗಿರೋ ಕಡೆಯಿಂದ ಬಿಸಿ ತೆಗೆದು ಆಚೆ ಹಾಕುತ್ತಲ್ಲ?" ನಾನು ಉತ್ತರ ಹೇಳಲಿಲ್ಲ. ಮನೆಗೆ ಹೋಗಿ ಫ್ರಿಜ್ಜಿನ ಹಿಂದೆ, ಪಕ್ಕದಲ್ಲಿ ಕೈ ಹತ್ತಿರ ಇಟ್ಟು ನೋಡಿಕೊಂಡು ಬಾ, ಬಾಗಿಲು ತೆರೆದಿಟ್ಟರೆ ಕೋಣೆ ತಣ್ಣಗಾಗುತ್ತಾ ಅಂತ ಯೋಚಿಸು ಅಂದೆ. ಮರುದಿನ ನೋಟ್‌ಬುಕ್ಕಿನಲ್ಲಿ ಬಾಣದ ಚಿತ್ರ ಬರೆದುಕೊಂಡು ಬಂದಿದ್ದಳು. ಒಳಗಿನ ಬಿಸಿಗೆ ಒಂದು ಬಾಣ, ಕರೆಂಟಿಗೆ ಒಂದು ಬಾಣ, ಹಿಂದಿನಿಂದ ಹೊರಗೆ ಹೋಗಲು ಅವೆರಡೂ ಸೇರಿದಷ್ಟು ದಪ್ಪದ ಒಂದು ಬಾಣ. ಕೆಳಗೆ ಬರೆದಿದ್ದಳು: "ಕೋಣೆ ಬಿಸಿ ಆಗುತ್ತೆ."