ಮಟನ್ ಕೊಳ್ಳುವಾಗ ಮೀನಿನ ಕಣ್ಣು ಬೇಡ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತ ಮೇಲೆ ಕಾರವಾರದ ಮೀನುಪ್ರಿಯರು ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಬಂಗಡೆಯ ಕಿವಿರು ಎತ್ತಿ, ಹೊಟ್ಟೆ ಒತ್ತಿ, ಮಾರುವ ಹೆಂಗಸಿನೊಡನೆ ವಾದಿಸಿ ಗೆಲ್ಲುವ ಜನ ಇಲ್ಲಿ ಮಾತ್ರ ಬಾಯಿ ಕಟ್ಟಿದವರಂತೆ ನಿಂತು, "ಈಗ ಕೊಯ್ದದ್ದೇ ತಾನೇ?" ಎಂದಷ್ಟೇ ಕೇಳಿ ಚೀಲ ಒಡ್ಡುತ್ತಾರೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ರಬ್ಬರ್ ಜಗಿದಂತೆ ಆಗುತ್ತದೆ, ಬೈಗುಳ ಅಂಗಡಿಯವನಿಗೆ. ತಪ್ಪು ಬಹುಪಾಲು ನಮ್ಮದೇ. ಮೀನು ನೀರಿನಿಂದ ಮೇಲೆ ಬಂದ ಗಳಿಗೆಯಿಂದ ಇಳಿಮುಖ. ಮಾಂಸ ಹಾಗಲ್ಲ; ಅದು ಮೊದಲು ಬಿಗಿಯುತ್ತದೆ, ಆಮೇಲೆ ಸಡಿಲುತ್ತದೆ.

1. ಬೆಳಕಿಗೆ ತಂದು ನೋಡಿ

ಕೆಂಪು ಬಲ್ಬಿನ ಕೆಳಗೆ ಎಲ್ಲವೂ ಚೆಂದ. ಅಂಥ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಆಗಷ್ಟೇ ಕತ್ತರಿಸಿದ ಮಾಂಸದ ಒಳಭಾಗ ಮಂಕಾದ ನೇರಳೆ ಬಣ್ಣದ್ದು. ಅದರಲ್ಲಿರುವ ಮಯೋಗ್ಲೋಬಿನ್ ಎಂಬ ಬಣ್ಣದ ಪ್ರೋಟೀನಿಗೆ ಗಾಳಿ ತಗುಲಿದ ಮೇಲೆ ಕೆಂಪೇರುತ್ತದೆ, ಬಹಳ ಹೊತ್ತು ಕಳೆದರೆ ಕಂದುತ್ತದೆ. ದನದ ಮಾಂಸದ ದೊಡ್ಡ ಮಾರುಕಟ್ಟೆ ಇರುವ ಅಮೆರಿಕದಲ್ಲೂ ಗ್ರಾಹಕರು ಕೆಂಪು ಬಣ್ಣಕ್ಕೇ ಸೋಲುತ್ತಾರೆ. ತಿನ್ನಲು ಅಡ್ಡಿಯಿಲ್ಲದ ಮಾಂಸವೂ ತುಸು ಕಂದಿದರೆ ದರ ಇಳಿಸಿ ಮಾರಬೇಕಾಗುತ್ತದೆ. ಕೆಂಪು ಉಳಿಯಲೆಂದು ಪ್ಯಾಕೆಟ್ಟಿಗೆ ಹೆಚ್ಚು ಆಮ್ಲಜನಕ ತುಂಬುವುದೂ ಉಂಟು. ಅದರಿಂದ ಮಾಂಸದ ಮೃದುತ್ವ ಕುಂದುತ್ತದೆ ಎಂಬುದು ಉದ್ಯಮಕ್ಕೂ ಗೊತ್ತು.

ತಿರಸ್ಕರಿಸಬೇಕಾದದ್ದು ಗಾಢ ಕಪ್ಪುಗೆಂಪಾಗಿ, ಮುಟ್ಟಿದರೆ ಅಂಟುವ ಮಾಂಸವನ್ನು. ಅರಬೈಲ್ ಘಟ್ಟ ಇಳಿಯುವ ಲಾರಿಯಲ್ಲಿ ರಾತ್ರಿಯಿಡೀ ಒತ್ತೊತ್ತಾಗಿ ನಿಂತು ಬಂದ ಕುರಿಯನ್ನು ದಣಿವಾರಿಸದೆ ಕೊಯ್ದರೆ ಹೀಗಾಗಬಹುದು. ಸ್ನಾಯು ಕೂಡಿಟ್ಟುಕೊಂಡ ಸಕ್ಕರೆಯಂಥ ಇಂಧನ, ಗ್ಲೈಕೋಜನ್, ಮೊದಲೇ ಖರ್ಚಾಗಿರುತ್ತದೆ, ಮಾಂಸ ಸಾಕಷ್ಟು ಆಮ್ಲೀಯವಾಗುವುದಿಲ್ಲ, ಬೇಗ ಕೆಡುತ್ತದೆ. "ಕುರಿ ಯಾವಾಗ ಬಂತು?" ಎಂದು ಕೇಳಿ. "ಯಾವಾಗ ಕೊಯ್ದಿರಿ?" ಎಂಬುದಕ್ಕಿಂತ ಇದು ಒಳ್ಳೆಯ ಪ್ರಶ್ನೆ.

2. ವಯಸ್ಸು

ತಲೆ ಅಲ್ಲೇ ಇದ್ದರೆ ಹಲ್ಲು ನೋಡಿ: ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದು, ಒಂದೂವರೆ ವರ್ಷದ್ದು. ಎಳೆಯದರ ಮೂಳೆ ನಸುಗೆಂಪು, ಬಲಿತದ್ದು ಬಿಳಿ. ಬೀಜ ಒಡೆಯದ ಹೋತದ ವಾಸನೆಯನ್ನು ಯಾವ ಮಸಾಲೆಯೂ ಮುಚ್ಚದು.

3. ಅಡುಗೆ ಯಾವುದೆಂದು ಮೊದಲು ಹೇಳಿ

"ಎಲ್ಲ ಕಡೆಯದೂ ಸ್ವಲ್ಪ ಸ್ವಲ್ಪ ಹಾಕಿ" ಎಂದರೆ ಅರ್ಧ ಕರಗಿಹೋಗಿ, ಅರ್ಧ ಬೇಯದೆ ಉಳಿಯುತ್ತದೆ. ಅಮೆರಿಕದಲ್ಲಿ 1927ರಿಂದ ದನದ ಮಾಂಸಕ್ಕೆ ಸರ್ಕಾರಿ ದರ್ಜೆ ಕೊಡುತ್ತಾರೆ. ಈಗ 12 ಮತ್ತು 13ನೆಯ ಪಕ್ಕೆಲುಬಿನ ನಡುವೆ ಕೊಯ್ದು ಒಳಗಿನ ಕೊಬ್ಬಿನ ಎಳೆಗಳನ್ನು ನೋಡಿ ಇಡೀ ಪ್ರಾಣಿಗೆ ಒಂದೇ ದರ್ಜೆ ಹಾಕುತ್ತಾರೆ. ಆಸ್ಟ್ರೇಲಿಯದವರು ಸಾಮಾನ್ಯ ಗ್ರಾಹಕರಿಗೇ ತಿನ್ನಿಸಿ, ಮೃದುತ್ವ, ರಸ, ರುಚಿಗೆ ಅಂಕ ಹಾಕಿಸಿದರು. ಅವರ ಪದ್ಧತಿಯಲ್ಲಿ ಅಂಕ ಇಡೀ ಪ್ರಾಣಿಗಲ್ಲ, ಯಾವ ತುಂಡನ್ನು ಹೇಗೆ ಬೇಯಿಸುತ್ತೀರಿ ಎಂಬುದಕ್ಕೆ. ನನಗೆ ಸರಿ ಕಾಣುವುದು ಇದೇ. ಸಾರಿಗೆ ಕುತ್ತಿಗೆ ಮತ್ತು ಮುಂಗಾಲು, ಸುಕ್ಕಾಕ್ಕೆ ತೊಡೆ.

4. ಮನೆಗೆ ತಂದು ಇಡುವುದು

ನಾನು ಕಂಡ ಮನೆಗಳಲ್ಲಿ ಮಾಂಸ ಕೆಟ್ಟದ್ದು ಹೆಚ್ಚಾಗಿ ಈ ಹಂತದಲ್ಲೇ. ಬೆಳಗಿನ ಜಾವ ಕೊಯ್ದದ್ದನ್ನು ಏಳು ಗಂಟೆಗೆ ಸಣ್ಣ ತುಂಡು ಮಾಡಿಸಿ ತಂದು, ತೊಳೆದು, ನೇರವಾಗಿ ಫ್ರೀಜರ್‌ಗೆ ತುರುಕುತ್ತಾರೆ. ಮೀನಿಗಾದರೆ ಇದೇ ಸರಿ. ಮಾಂಸಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಪ್ರಾಣಿ ಸತ್ತ ಮೇಲೂ ಸ್ನಾಯುವಿನಲ್ಲಿ ಕೆಲವು ಗಂಟೆ ಶಕ್ತಿ ಉಳಿದಿರುತ್ತದೆ. ಆ ಶಕ್ತಿ ತೀರುವುದರೊಳಗೆ ಚಳಿ ಹೊಡೆದರೆ ಸ್ನಾಯು ಮುದುಡಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. 1963ರಲ್ಲಿ ನ್ಯೂಜಿಲೆಂಡ್‌ನ ವಿಜ್ಞಾನಿಗಳಾದ ಲಾಕರ್ ಮತ್ತು ಹಗ್ಯಾರ್ಡ್ ದನದ ಸ್ನಾಯುಗಳನ್ನು ಬೇರೆ ಬೇರೆ ತಾಪಮಾನದಲ್ಲಿಟ್ಟು ಇದನ್ನು ತೋರಿಸಿದರು: 14ರಿಂದ 19 ಡಿಗ್ರಿಯಲ್ಲಿ ಕುಗ್ಗಿದ್ದು ಅತಿ ಕಡಿಮೆ, ಸೊನ್ನೆಯ ಹತ್ತಿರ ವಿಪರೀತ. ಕೊಯ್ದ ಮೊದಲ 10 ಗಂಟೆಯೊಳಗೆ ಮಾಂಸ 10 ಡಿಗ್ರಿಗಿಂತ ಕೆಳಗಿಳಿಯಬಾರದು ಎಂಬ ಹಳೆಯ ಸೂತ್ರ ಉದ್ಯಮದಲ್ಲಿ ಉಂಟು.

ಹಾಗೆಂದು ನಮ್ಮ ಜೂನ್ ತಿಂಗಳ ಜಿಗುಟು ಹವೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಬಿಡಬೇಡಿ; ಮೃದುವಾಗುವ ಮೊದಲು ಕೊಳೆಯುತ್ತದೆ. ಹೀಗೆ ಮಾಡಿ. ತುಂಡು ಮಾಡಿಸದೆ ಮೂಳೆ ಸಮೇತ ಇಡೀ ತೊಡೆ ಕೇಳಿ. ದೊಡ್ಡ ತುಂಡು ನಿಧಾನ ತಣಿಯುತ್ತದೆ, ಮೂಳೆಗೆ ಅಂಟಿದ ಸ್ನಾಯುವಿಗೆ ಕುಗ್ಗಲು ಅಷ್ಟು ಎಡೆ ಸಿಗುವುದಿಲ್ಲ. ತೊಳೆಯಬೇಡಿ. ಪ್ಲಾಸ್ಟಿಕ್ ಚೀಲದಿಂದ ತೆಗೆದು, ಸ್ಟೀಲ್ ಪಾತ್ರೆಯಲ್ಲಿಟ್ಟು, ಮುಚ್ಚಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಫ್ರೀಜರ್‌ನಲ್ಲಿ ಖಂಡಿತ ಅಲ್ಲ. ಅಂದರೆ ಭಾನುವಾರದ ಊಟಕ್ಕೆ ಶನಿವಾರ ಬೆಳಿಗ್ಗೆಯೇ ಕೊಳ್ಳಬೇಕು. ಒಂದು ದಿನ ಕಳೆದರೆ ಮಾಂಸದ್ದೇ ಕಿಣ್ವಗಳು ನಾರನ್ನು ಸಡಿಲಿಸತೊಡಗುತ್ತವೆ. ವಿದೇಶದಲ್ಲಿ ದನದ ಮಾಂಸವನ್ನು ಎರಡು, ಮೂರು ವಾರ ಹೀಗೆ ಶೀತಲ ಕೋಣೆಯಲ್ಲಿ ಮಾಗಿಸುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಬೇಡ. ನಮ್ಮ ಕರಾವಳಿಯ ಮಳೆಗಾಲದ ವಿದ್ಯುತ್ತನ್ನು ನಂಬುವಂತಿಲ್ಲ. ನಾಲ್ಕು ಗಂಟೆ ಕರೆಂಟು ಹೋಯಿತೋ, ಕಾಯದೆ ಅಂದೇ ಬೇಯಿಸಿಬಿಡಿ.

ಮಾಂಸ ಮೆದುಮಾಡುವ ಪುಡಿಗಳನ್ನು ತಂದು ಸುರಿಯಬೇಡಿ, ಮೇಲೆ ಗಂಜಿ, ಒಳಗೆ ಕಲ್ಲು. ಅವಸರವಿದ್ದರೆ ಒಂದು ಚಮಚ ಹಸಿ ಪಪ್ಪಾಯಿ ಅರೆದು ಹಚ್ಚಿ, ಅರ್ಧ ಗಂಟೆ ಸಾಕು.

5. ಬೇಯಿಸುವುದು

ಈಗ ತೊಳೆದು, ತುಂಡು ಮಾಡಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ಕುಕ್ಕರ್ ಬೇಕೇಬೇಕೆಂದರೆ ಮೂರು ಸೀಟಿಗೆ ಇಳಿಸಿ ನೋಡಿ. ಎಂಟು ಸೀಟಿ ಹೊಡೆಸುವುದು ಫ್ರೀಜರ್‌ನಿಂದ ತೆಗೆದವರ ಅಭ್ಯಾಸ.