ಮನೆ ಹಾಲ್‌ನಲ್ಲಿ ಸೋಲೋ ಭರತನಾಟ್ಯ: ನನ್ನ ಅನುಭವ

"ಅಷ್ಟು ಚಿಕ್ಕ ಹಾಲ್‌ನಲ್ಲಾ? ಮಂಡಿ ಬಗ್ಗಿಸಿ ಅರಮಂಡಿಯಲ್ಲಿ ಕೈ ಚಾಚಿದರೆ ಗೋಡೆ ತಾಗುತ್ತೆ ಕಣೇ" ಅಂದಿದ್ದರು ನನ್ನ ಜೊತೆ ಕಲಿತವರು. ಈಗ ತುಮಕೂರು ಚಿಕ್ಕಪೇಟೆಯ ಒಂದು ಹಳೇ ಮನೆಯಲ್ಲಿ ಆಗಾಗ ಕಾರ್ಯಕ್ರಮ ಮಾಡುತ್ತಿದ್ದೇನೆ. ಹಾಲ್ ಸುಮಾರು 14 ಅಡಿ ಅಗಲ. 35–40 ಜನ ನೆಲದ ಮೇಲೆ ಕೂತು, ಕೊನೇವರೆಗೂ ನೋಡುತ್ತಾರೆ.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಸಭಾಂಗಣದ ಬಾಡಿಗೆ, ಬೆಂಗಳೂರಿನಿಂದ ಪಕ್ಕವಾದ್ಯದವರು, ಮೇಕಪ್, ಲೈಟು ಎಲ್ಲ ಸೇರಿ ಹಿಂದೆ 60 ಸಾವಿರದ ಹತ್ತಿರ ಹೋಗುತ್ತಿತ್ತು. ಮುಂದಿನ ಎರಡು ಸಾಲಿನಲ್ಲಿ ನೆಂಟರು, ಹಿಂದೆಲ್ಲ ಖಾಲಿ ಕುರ್ಚಿ. ಈಗ ಗಾಯಕಿಗೆ 5 ಸಾವಿರ, ಕಾಫಿ ತಿಂಡಿಗೆ ಎರಡು, ಚಿಲ್ಲರೆ ಖರ್ಚು ಒಂದು. ತಲೆಗೆ 200 ರೂಪಾಯಿ ಇಟ್ಟಾಗ ಕೈಯಿಂದ ಸ್ವಲ್ಪ ಹೋಗುತ್ತಿತ್ತು. 250 ಮಾಡಿದ ಮೇಲೆ ಸಾವಿರದಷ್ಟು ಉಳಿಯುತ್ತಿದೆ. ಡಾನ್ಸ್ ಮಾಡಿ ದುಡ್ಡು ಉಳಿಸಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ!

ಈ ಮನೆ ಸಿಗುವ ಮೊದಲು ಬೇರೆ ಕಡೆ ನೋಡಿದ್ದಾಯಿತು. ಟೆರೇಸ್‌ನ ಒರಟು ಸಿಮೆಂಟಿಗೆ ಅಂಗಾಲು ಸುಲಿಯಿತು, ಮೊಣಕಾಲಿನ ಕೆಳಗಿನ ನೋವು ವಾರಗಟ್ಟಲೆ ಬಿಡಲಿಲ್ಲ. ಒಂದು ಕೆಫೆಯಲ್ಲಿ ಜಾವಳಿ (ಚುರುಕಾದ ಶೃಂಗಾರದ ಹಾಡು) ನಡೆಯುವಾಗಲೇ ಮಿಕ್ಸಿ ಶುರುವಾಯಿತು. ಅಲ್ಲಿಯ ಟೈಲ್ಸ್ ಮೇಲೆ ಬೆವರು ಬಿದ್ದರೆ ಸಾಕು, ಕಾಲು ಜಾರುತ್ತಿತ್ತು. ರಬ್ಬರ್ ಮ್ಯಾಟ್ ಹಾಸಿದರೆ ಭ್ರಮರಿಯಲ್ಲಿ, ಅಂದರೆ ಸುತ್ತು ತಿರುಗುವಾಗ, ಪಾದ ಕಚ್ಚಿಕೊಳ್ಳುತ್ತದೆ. ಈ ಮನೆಯದು ರೆಡ್ ಆಕ್ಸೈಡ್ ನೆಲ. ತಣ್ಣಗಿದೆ, ಕಾಲು ನಿಲ್ಲುತ್ತದೆ. ಒರೆಸುವ ನೀರಿಗೆ ಏನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ರೆಕಾರ್ಡ್ ಮಾಡಿದ ಹಾಡಿನ ಟ್ರ್ಯಾಕ್ ಹಾಕಿ ಮಾಡಿದ್ದು ಕೈಕೊಟ್ಟಿತು. ಸಂಚಾರಿಯನ್ನು (ಒಂದು ಸಾಲಿನ ಭಾವವನ್ನು ಬಿಡಿಸಿ ತೋರಿಸುವ ಅಭಿನಯ) ಇನ್ನೊಂದು ಸುತ್ತು ಬೆಳೆಸೋಣ ಅಂದುಕೊಳ್ಳುವಷ್ಟರಲ್ಲಿ ಸಾಹಿತ್ಯ ಮುಂದೆ ಹೋಗಿರುತ್ತದೆ. ಈಗ ಗಾಯಕಿಯೊಬ್ಬರೇ ಹಾಡುತ್ತಾ ತಾಳ ಹಾಕುತ್ತಾರೆ, ಶ್ರುತಿಗೆ ಮೊಬೈಲ್ ಸಾಕು. ಮೈಕ್ ಇಲ್ಲ. ಮೃದಂಗ ಇಟ್ಟು ನೋಡಿದೆವು, ಆ ಹಾಲ್‌ನಲ್ಲಿ ಅದು ಹಾಡನ್ನೇ ನುಂಗಿಹಾಕಿತು. ಗೆಜ್ಜೆಯದೂ ಅದೇ ಕಥೆ. ಐದು ಸಾಲಿನದು ಬಿಟ್ಟು ಎರಡು ಸಾಲಿನದು ಕಟ್ಟುತ್ತೇನೆ, ಪದ (ನಿಧಾನಗತಿಯ ಶೃಂಗಾರದ ಹಾಡು) ಮತ್ತು ಜಾವಳಿಗೆ ಅದನ್ನೂ ಬಿಚ್ಚಿಡುತ್ತೇನೆ.

ಮುಖವೇ ಮುಖ್ಯ. ಆರಡಿ ದೂರದಿಂದ ನೋಡುವವರಿಗೆ ಪ್ಯಾನ್‌ಕೇಕ್ ಮೇಕಪ್ ಗೋಡೆಗೆ ಬಳಿದ ಸುಣ್ಣದ ಹಾಗೆ ಕಾಣುತ್ತದೆ. ಕಾಡಿಗೆ, ಕುಂಕುಮ, ತುಟಿಗೆ ಸ್ವಲ್ಪ ಬಣ್ಣ, ಅಷ್ಟೇ. ಟ್ಯೂಬ್‌ಲೈಟ್ ಆರಿಸಿ, ಭುಜದ ಎತ್ತರಕ್ಕೆ ಎರಡೂ ಬದಿ ಹಳದಿ ಬಲ್ಬ್ ಇಡಿಸುತ್ತೇನೆ. ಬೆಳಕು ಮೇಲಿಂದ ಬಿದ್ದರೆ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ, ದೃಷ್ಟಿಭೇದ (ಕಣ್ಣಿನ ಬಗೆಬಗೆಯ ನೋಟ) ಮಾಡಿಯೂ ಉಪಯೋಗವಿಲ್ಲ. ಸ್ಟೇಜಿನಲ್ಲಿ ಜನರ ತಲೆಯ ಮೇಲಿಂದ ನೋಡುತ್ತೇವೆ, ಅಲ್ವಾ? ಇಲ್ಲಿ ಹಾಗೆ ನೋಡಿದರೆ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ನೇರ ಕಣ್ಣಿಗೆ ಕಣ್ಣಿಟ್ಟರೆ ಅವರಿಗೂ ಮುಜುಗರ. ನಡುವೆ ಒಂದು ಜಾಗವಿದೆ. ಅದನ್ನು ಬರೆದು ಹೇಳುವುದಿಲ್ಲ, ಬಂದು ನೋಡಿ.

ಹೀಗೆ ಹತ್ತಿರ ಕೂತವರಿಗೆ ಅಭಿನಯಿಸುವುದು ಹೊಸ ವಿದ್ಯೆಯೇನಲ್ಲ. ಮೈಸೂರು ಆಸ್ಥಾನದ ನರ್ತಕಿ ಜಟ್ಟಿ ತಾಯಮ್ಮನವರು, ಅವರ ಶಿಷ್ಯೆ ವೆಂಕಟಲಕ್ಷ್ಮಮ್ಮನವರು ಕಟ್ಟಿಕೊಟ್ಟ ಮೈಸೂರು ಶೈಲಿಯಲ್ಲಿ ಕೂತೇ ಪದ, ಜಾವಳಿ ಅಭಿನಯಿಸುವ ಪದ್ಧತಿ ಇದೆ. ನಾನೂ ತೆಲುಗು ಕವಿ ಕ್ಷೇತ್ರಯ್ಯನ ಒಂದು ಪದವನ್ನು ಪೂರ್ತಿ ಕೂತೇ ಮಾಡಿದೆ. ಹುಬ್ಬು ಅಲುಗಿದ್ದೂ ಕೊನೇ ಸಾಲಿಗೆ ಕಾಣುತ್ತಿತ್ತು. ಸಭಾಂಗಣದಲ್ಲಿ ಅದು ಆಗದ ಮಾತು. ನಡುವೆ ಸುಮ್ನೆ ಒಂದು ದೇವರನಾಮವನ್ನು ಹಾಡಿಲ್ಲದೆ, ಬರೀ ಶ್ರುತಿಗೆ ಅಭಿನಯಿಸಿ ನೋಡಿದೆ. ವಯಸ್ಸಾದವರು ತಾವೇ ಹಾಡಲು ಶುರು ಮಾಡಿದರು! ಅದನ್ನೀಗ ಕಾರ್ಯಕ್ರಮಕ್ಕೆ ಸೇರಿಸಿದ್ದೇನೆ.

ನೃತ್ತ, ಅಭಿನಯ ಎರಡೂ ಇರುವ ದೊಡ್ಡ ನೃತ್ಯ ವರ್ಣ ಮಾತ್ರ ಇಲ್ಲಿ ಪೂರ್ತಿ ಮಾಡಲು ಜಾಗ ಸಾಲುವುದಿಲ್ಲ. ಮೊದಲರ್ಧ ಮುಗಿಯುವ ಮುಕ್ತಾಯಿ ಸ್ವರದವರೆಗೆ, 20 ನಿಮಿಷದ ಆಸುಪಾಸು ಮಾಡಿ ನಿಲ್ಲಿಸುತ್ತೇನೆ. ತೀರ್ಮಾನ ಅನ್ನುವ ಮುಕ್ತಾಯದ ಹೆಜ್ಜೆಗಳನ್ನು ಮುಂದಕ್ಕೆ ಬರದೆ ಅಡ್ಡಕ್ಕೆ ಹರಡಿದ್ದೇನೆ. ಉಳಿದರ್ಧವಾದ ಚರಣದ ವೇಗಕ್ಕೆ ಇನ್ನೂ ಆರೇಳು ಅಡಿ ಜಾಗ ಬೇಕೇ ಬೇಕು.