ಎಪ್ಪತ್ತರಲ್ಲಿ ಅಟ್ಲಾಂಟಿಕ್: ನಾವು ಹಡಗು ಆರಿಸಿದ ಬಗೆ

ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗುವುದೆಂದರೆ ನಮಗೆ ಮೊದಲಿನಿಂದಲೂ ವಿಮಾನವೇ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಾಲು ಊದಿರುತ್ತದೆ. ಮೊದಲ ವಾರವಿಡೀ ನಡುರಾತ್ರಿ ಎದ್ದು ಕೂತು ಅಡುಗೆಮನೆಯ ದೀಪ ಹಾಕುವುದು, ಮಧ್ಯಾಹ್ನ ಮೊಮ್ಮಕ್ಕಳು ಬಂದಾಗ ತೂಕಡಿಸುವುದು. ಈ ಸಲ ಯಜಮಾನರು, "ಲಂಡನ್ ತನಕ ವಿಮಾನ, ಅಲ್ಲಿಂದ ಹಡಗಲ್ಲಿ ಹೋಗೋಣ" ಅಂದರು. ಅವರಿಗೆ 74, ನನಗೆ 70. ಅವರ ಹೃದಯದಲ್ಲಿ ಸ್ಟೆಂಟ್ ಇದೆ, ಜೊತೆಗೆ ಶುಗರ್. ನನ್ನ ಎರಡೂ ಮಂಡಿಗೆ ಆಪರೇಷನ್ ಆಗಿದೆ. ಮಗಳು ಫೋನಿನಲ್ಲಿ, "ನಿಮಗಿಬ್ಬರಿಗೂ ಏನಾಗಿದೆಯಮ್ಮಾ?" ಅಂದಳು.

ಹೋಗಿ ಬಂದ ಮೇಲೆ ನಮ್ಮ ವಯಸ್ಸಿನವರು ತುಂಬಾ ಜನ ಕೇಳುತ್ತಿದ್ದಾರೆ, ಯಾವ ಹಡಗು ಒಳ್ಳೆಯದು ಅಂತ. ನಾನು ಹಡಗಿನ ಮಾತಿಗೆ ಆಮೇಲೆ ಬರುತ್ತೇನೆ. ಸಾಗರ ದಾಟುವಾಗ ದಿನಗಟ್ಟಲೆ ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಬೇಡ ಅನ್ನಿಸಿದರೆ ಇಳಿದು ಹೋಗುವ ಹಾಗಿಲ್ಲ. ಹಾಗಾಗಿ ಈಜುಕೊಳ, ನಾಟಕಶಾಲೆ ನೋಡಿ ಆರಿಸಬಾರದು. ಯಾವ ದಿಕ್ಕಿಗೆ ಹೋಗುತ್ತದೆ, ಯಾವ ತಿಂಗಳು, ರೂಮು ಹಡಗಿನ ಯಾವ ಭಾಗದಲ್ಲಿದೆ, ಮೈ ಕೆಟ್ಟರೆ ಏನು ಗತಿ, ಇವನ್ನು ನೋಡಿ ಆರಿಸಬೇಕು.

ಅಟ್ಲಾಂಟಿಕ್ ದಾಟಲು ನಮ್ಮೆದುರು ಎರಡು ದಾರಿ ಇದ್ದವು. ಒಂದು, ಜಾಗ ಬದಲಿಸುವ ಹಡಗುಗಳು. ಬೇಸಿಗೆಯಲ್ಲಿ ಮೆಡಿಟರೇನಿಯನ್ನಿನಲ್ಲಿ ಓಡಾಡುವ ಹಡಗುಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೆರಿಬಿಯನ್ ಕಡೆಗೆ ಹೋಗುತ್ತವೆ. ಏಪ್ರಿಲ್ ಆಸುಪಾಸಿನಲ್ಲಿ ವಾಪಸ್ ಬರುತ್ತವೆ. ಹೇಗೂ ಹೋಗಬೇಕು, ಖಾಲಿ ಯಾಕೆ ಹೋಗಬೇಕು ಅಂತ ಜನರನ್ನು ಹತ್ತಿಸಿಕೊಳ್ಳುತ್ತಾರೆ. ರಾತ್ರಿಯೊಂದರ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಅಗ್ಗ. ಬಾರ್ಸಿಲೋನಾದಲ್ಲಿ ಹತ್ತಿದರೆ ಮಯಾಮಿಗೆ ಸುಮಾರು ಎರಡು ವಾರ. ದಾರಿಯಲ್ಲಿ ಮಡೇರಾದ ಫುಂಚಾಲ್, ಅಥವಾ ಕ್ಯಾನರಿ ದ್ವೀಪಗಳ ಟೆನರಿಫ್ ಥರದ ಜಾಗ ಸಿಗುತ್ತದೆ. ಅದಾದ ಮೇಲೆ ಒಂದು ವಾರದ ಹತ್ತಿರ ಬರೀ ನೀರು. ದಕ್ಷಿಣದ ದಾರಿಯಾದ್ದರಿಂದ ಬಿಸಿಲು ಇರುತ್ತದೆ, ಸಮುದ್ರವೂ ಸಾಮಾನ್ಯವಾಗಿ ಉತ್ತರದಷ್ಟು ಒರಟಲ್ಲ.

ಯಜಮಾನರಿಗೆ ಇದೇ ಇಷ್ಟವಾಗಿತ್ತು, ದುಡ್ಡಿನ ಲೆಕ್ಕದಲ್ಲಿ. ನಾನು ಬೇಡ ಅಂದೆ. ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾ ಒಂದು, ಅಮೆರಿಕದ ವೀಸಾ ಇನ್ನೊಂದು. ಮಯಾಮಿಯಲ್ಲಿ ಇಳಿದ ಮೇಲೆ ನ್ಯೂಜೆರ್ಸಿಗೆ ಮತ್ತೆ ವಿಮಾನ. ವಿಮಾನ ತಪ್ಪಿಸಲು ಹೊರಟವರಿಗೆ ಅದೆಂಥ ಉಳಿತಾಯ? ಮಗಳ ಮನೆ ಫ್ಲಾರಿಡಾದಲ್ಲಿ ಇದ್ದಿದ್ದರೆ ಅದನ್ನೇ ಹಿಡಿಯುತ್ತಿದ್ದೆವೇನೋ.

ಇನ್ನೊಂದು ದಾರಿ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನೇರ ನ್ಯೂಯಾರ್ಕ್. ಕುನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಈ ದಾರಿಯಲ್ಲಿ ವರ್ಷದಲ್ಲಿ ಹಲವು ಸಲ ಓಡಾಡುತ್ತದೆ. ಸಾಮಾನ್ಯವಾಗಿ 7 ರಾತ್ರಿ. ಮಧ್ಯೆ ಎಲ್ಲೂ ನಿಲ್ಲುವುದಿಲ್ಲ. 2004ರಲ್ಲಿ ಓಡಾಟ ಶುರು ಮಾಡಿದ ಹಡಗು, ಉದ್ದ 345 ಮೀಟರ್. ಉತ್ತರ ಅಟ್ಲಾಂಟಿಕ್ಕಿಗೆ ಅಂತಲೇ ಕಟ್ಟಿದ್ದು. ಮೂತಿ ಉದ್ದ, ಉಕ್ಕಿನ ಹೊದಿಕೆ ದಪ್ಪ, ನೀರಿನೊಳಗೆ ಹತ್ತು ಮೀಟರಿನಷ್ಟು ಆಳಕ್ಕೆ ಇಳಿದಿರುತ್ತದೆ. ಅಲೆ ಬಡಿಯಬಾರದು ಅಂತ ಲೈಫ್‌ಬೋಟ್‌ಗಳನ್ನೂ ಬೇರೆ ಹಡಗುಗಳಿಗಿಂತ ಮೇಲೆ ಕಟ್ಟಿದ್ದಾರೆ. ಗಂಟೆಗೆ 30 ನಾಟಿಕಲ್ ಮೈಲಿಯ ಹತ್ತಿರ ಓಡುವ ಶಕ್ತಿ ಇದ್ದರೂ ಈಗ ಇಂಧನ ಉಳಿಸಲು ನಿಧಾನಕ್ಕೆ ಹೋಗುತ್ತದೆ. ನಮಗೂ ಅದೇ ಬೇಕಿತ್ತು. ಇಳಿಯುವುದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. ಅಲ್ಲಿಂದ ಮಗಳ ಮನೆಗೆ ಕಾರಿನಲ್ಲಿ ಹೋಗಿಬಿಡಬಹುದು.

ದಿಕ್ಕಿನ ವಿಷಯ ಯಾಕೆ ಮುಖ್ಯ ಅಂದರೆ, ಲಂಡನ್ನಿಗೂ ನ್ಯೂಯಾರ್ಕಿಗೂ 5 ಗಂಟೆ ವ್ಯತ್ಯಾಸ. ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದರೆ ದಿನಕ್ಕೆ 25 ಗಂಟೆ. ರಾತ್ರಿ ಒಂದು ಗಂಟೆ ಜಾಸ್ತಿ ನಿದ್ದೆ, ಬೇಡ ಅನ್ನುವವರು ಯಾರು? ಯಜಮಾನರ ರಾತ್ರಿ ಇನ್ಸುಲಿನ್ ವಿಷಯದಲ್ಲಿ ಇದು ದೊಡ್ಡ ಅನುಕೂಲವಾಯಿತು. ವಿಮಾನದಲ್ಲಿ ಹೋದಾಗ ಒಂದೇ ಏಟಿಗೆ ಒಂಬತ್ತೂವರೆ ಗಂಟೆ ಏರುಪೇರು. ಇಲ್ಲಿ ಊಟವನ್ನೂ ಇನ್ಸುಲಿನ್ನನ್ನೂ ದಿನಾ ಒಂದೊಂದು ಗಂಟೆ ಮುಂದಕ್ಕೆ ಹಾಕುತ್ತಾ ಹೋಗಿ ಅಂತ ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಆ ಹಾಳೆಯನ್ನು ಕನ್ನಡಿಗೆ ಅಂಟಿಸಿದ್ದೆ. ಪೂರ್ವಕ್ಕೆ ಬರುವಾಗ ಇದೆಲ್ಲ ತಿರುಗುಮುರುಗು. ದಿನಕ್ಕೆ 23 ಗಂಟೆ, ಊಟ ಅರಗುವ ಮೊದಲೇ ಇನ್ನೊಂದು ಊಟ. ಅದಕ್ಕೇ ವಾಪಸ್ ಬರುವಾಗ ವಿಮಾನದಲ್ಲೇ ಬಂದೆವು. ಎರಡೂ ಕಡೆ ಹಡಗು ಬೇಕು ಅನ್ನುವವರು ಹೋಗುವಾಗಿನ ಸುಖವನ್ನೇ ಬರುವಾಗಲೂ ನಿರೀಕ್ಷಿಸಬೇಡಿ.

ತಿಂಗಳು ಜೂನ್. ಚಳಿಗಾಲದ ಉತ್ತರ ಅಟ್ಲಾಂಟಿಕ್ ನಮ್ಮಂಥವರಿಗಲ್ಲ. ಅಟ್ಲಾಂಟಿಕ್ಕಿನ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್ ತನಕ, ಅದರಲ್ಲೂ ಜೋರು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಜೂನ್‌ನಲ್ಲಿ ಮಂಜು ಜಾಸ್ತಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಬಂದಾಗ ಏನೂ ಕಾಣದ ಹಾಗೆ ಕವಿಯುತ್ತದೆ. ನನ್ನ ನಾದಿನಿ ಟೈಟಾನಿಕ್ ನೆನಪು ಮಾಡಿ ಹೆದರಿಸಿದಳು. ಅದೂ ಸೌತಾಂಪ್ಟನ್ನಿಂದಲೇ ಹೊರಟಿತ್ತು ನೋಡಿ. 1912ರ ಆ ದುರಂತದ ಮೇಲೆಯೇ ಹಿಮಗಡ್ಡೆ ಕಾಯುವ ಅಂತರರಾಷ್ಟ್ರೀಯ ಗಸ್ತು ಶುರುವಾಯಿತು. ಇವತ್ತಿಗೂ ಎಲ್ಲಿ ಹಿಮಗಡ್ಡೆ ತೇಲುತ್ತಿದೆ ಅಂತ ಹಡಗುಗಳಿಗೆ ತಿಳಿಸುತ್ತಾರೆ, ಹಡಗುಗಳು ಅದರ ದಕ್ಷಿಣಕ್ಕೆ ಸುತ್ತಿ ಹೋಗುತ್ತವೆ. ಇಷ್ಟು ಹೇಳಿದ ಮೇಲೂ ನಾದಿನಿ ನಂಬಲಿಲ್ಲ, ಚಾಮುಂಡಿಗೆ ಹರಕೆ ಹೊತ್ತಳು. ಆಗಲಿ ಅಂದೆ.

ಇನ್ನು ರೂಮು. ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಬೆಂಗಳೂರಿನ ಏಜೆಂಟ್ ಒಬ್ಬರು ಮೇಲಿನ ಡೆಕ್ಕಿನ, ಅಂದರೆ ಹಡಗಿನ ಮೇಲಿನ ಮಹಡಿಯ, ಮುಂಭಾಗದ ರೂಮು ತೋರಿಸಿ, "ವ್ಯೂ ಸೂಪರ್ ಮೇಡಂ" ಅಂತ ಹಿಂದೆ ಬಿದ್ದರು. ಘಾಟಿ ಇಳಿಯುವ ಬಸ್ಸಿನಲ್ಲಿ ಕೊನೆ ಸೀಟು ಸಿಕ್ಕವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಹಡಗಿನ ಮುಂದಿನ ತುದಿ, ಹಿಂದಿನ ತುದಿ ಏಳುತ್ತಾ ಬೀಳುತ್ತಾ ಇರುತ್ತವೆ. ಎತ್ತರ ಹೋದಷ್ಟೂ ಪಕ್ಕಕ್ಕೆ ವಾಲುವುದು ಜಾಸ್ತಿ. ನಡು ಭಾಗ, ಕೆಳಗಿನ ಡೆಕ್, ಇಲ್ಲಿ ಅಲುಗಾಟ ಕಡಿಮೆ. ಕ್ವೀನ್ ಮೇರಿಯಲ್ಲಿ 4, 5, 6ನೇ ಡೆಕ್ಕುಗಳ ಬಾಲ್ಕನಿಗಳು ಹಡಗಿನ ಗೋಡೆಯನ್ನೇ ಕೊರೆದು ಮಾಡಿದಂಥವು. ಎದುರಿಗೆ ಗಾಜಿನ ಬದಲು ಉಕ್ಕಿನ ತಡೆಗೋಡೆ. ಕೂತರೆ ಸಮುದ್ರ ಸರಿಯಾಗಿ ಕಾಣುವುದಿಲ್ಲ, ಎದ್ದು ನಿಲ್ಲಬೇಕು. ಆದರೆ ಗಾಳಿ ಹೊಡೆಯುವುದಿಲ್ಲ. ನಾವು ತೆಗೆದುಕೊಂಡಿದ್ದು ಅಂಥದ್ದನ್ನೇ, 5ನೇ ಡೆಕ್ಕಿನ ನಡುವಿನಲ್ಲಿ, ಲಿಫ್ಟಿಗೆ ಹತ್ತಿರ. ಲಿಫ್ಟಿಗೆ ಹತ್ತಿರ ಅನ್ನುವುದನ್ನು ಸುಮ್ನೆ ಹೇಳುತ್ತಿಲ್ಲ. ಕಾರಿಡಾರಿನ ಒಂದು ತುದಿಯಲ್ಲಿ ನಿಂತು ನೋಡಿದರೆ ಇನ್ನೊಂದು ತುದಿ ಚುಕ್ಕಿಯ ಹಾಗೆ ಕಾಣುತ್ತದೆ. ನನ್ನ ಮಂಡಿಗೆ ದಿನಕ್ಕೆ ಹತ್ತು ಸಲ ಅಷ್ಟು ದೂರ ಆಗದ ಮಾತು. 8ನೇ ಡೆಕ್ಕಿನ ಕೆಲವು ರೂಮುಗಳ ಎದುರಿಗೆ ಲೈಫ್‌ಬೋಟ್‌ಗಳೇ ಅಡ್ಡ ನೇತಾಡುತ್ತವೆ. ನಕ್ಷೆ ನೋಡಿಯೇ ದುಡ್ಡು ಕಟ್ಟಿ.

ಬಚ್ಚಲಿಗೆ ಹೊಸ್ತಿಲಿದೆಯೇ ಅಂತ ಬರೆದು ಕೇಳಿ. ಮಾಮೂಲಿ ರೂಮುಗಳಲ್ಲಿ ಹೊಸ್ತಿಲು ಎತ್ತರ ಇರುತ್ತದೆ, ಹಡಗು ಅಲುಗುವಾಗ ರಾತ್ರಿ ನಿದ್ದೆಗಣ್ಣಿನಲ್ಲಿ ಎಡವುವ ಜಾಗ ಅದು. ವೀಲ್‌ಚೇರ್ ಬಳಸುವವರಿಗೆ ಹೊಸ್ತಿಲಿಲ್ಲದ ರೂಮುಗಳಿವೆ, ಆದರೆ ಕೆಲವೇ ಕೆಲವು, ಬೇಗ ಹೋಗಿಬಿಡುತ್ತವೆ. ನಾವು ಒಂದು ಚಿಕ್ಕ ರಾತ್ರಿ ದೀಪ ಒಯ್ದಿದ್ದೆವು. ಅದನ್ನು ಬಚ್ಚಲ ಬಾಗಿಲ ಹತ್ತಿರ ಇಟ್ಟಿದ್ದು ಎಷ್ಟೋ ಉಪಕಾರವಾಯಿತು.

ದುಡ್ಡು ಕಟ್ಟುವ ಮೊದಲು ಹೃದಯದ ಡಾಕ್ಟರ ಹತ್ತಿರ ಹೋದೆವು. "ಪ್ರಯಾಣ ಮಾಡಬಹುದಾ ಡಾಕ್ಟ್ರೇ?" ಅಂತ ಕೇಳಿದರೆ ಎಲ್ಲರೂ "ಮಾಡಿ" ಅಂತಾರೆ. ನಾನು ಕೇಳಿದ್ದು ಬೇರೆ: "ಮೂರ್ನಾಲ್ಕು ದಿನ ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇರುವುದಿಲ್ಲ. ಕಳಿಸ್ತೀರಾ?" ಅವರು ಪೆನ್ನು ಕೆಳಗಿಟ್ಟರು. ಒಂದು ಟ್ರೆಡ್‌ಮಿಲ್ ಪರೀಕ್ಷೆ, ಎಕೋ, ರಕ್ತ ಪರೀಕ್ಷೆ ಎಲ್ಲ ಮಾಡಿಸಿ ಆಮೇಲೆ ಹೂಂ ಅಂದರು. ಹಡಗಿನಲ್ಲಿ ಡಾಕ್ಟರು, ನರ್ಸು ಇರುತ್ತಾರೆ, ಸಣ್ಣ ಆಸ್ಪತ್ರೆಯೇ ಇದೆ. ಜ್ವರ, ಗಾಯ, ಎದೆನೋವಿಗೆ ಮೊದಲ ಚಿಕಿತ್ಸೆ ಆಗುತ್ತದೆ. ಆಂಜಿಯೋಪ್ಲಾಸ್ಟಿ ಆಗುವುದಿಲ್ಲ. ನಡು ಸಮುದ್ರಕ್ಕೆ ಹೆಲಿಕಾಪ್ಟರ್ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಲಿಕಾಪ್ಟರಿಗೂ ಇಂಧನದ ಮಿತಿ ಇದೆ ಅಲ್ವಾ, ಅಟ್ಲಾಂಟಿಕ್ಕಿನ ಮಧ್ಯಕ್ಕೆ ಅದು ಮುಟ್ಟುವುದಿಲ್ಲ.

ಇನ್ಶೂರೆನ್ಸಿನಲ್ಲಿ ಸ್ಟೆಂಟ್, ಶುಗರ್ ಎಲ್ಲ ಬರೆಸಿ. ಪ್ರೀಮಿಯಂ ಏರುತ್ತದೆ ಅಂತ ಮುಚ್ಚಿಟ್ಟರೆ ಕ್ಲೇಮ್ ಬಂದಾಗ ಅದನ್ನೇ ಹಿಡಿದು ತಳ್ಳಿಹಾಕುತ್ತಾರೆ. 70 ದಾಟಿದವರಿಗೆ ಎಷ್ಟೋ ಪಾಲಿಸಿಗಳಲ್ಲಿ ರೂಮು, ಆಪರೇಷನ್ ಅಂತ ಒಂದೊಂದಕ್ಕೂ ಬೇರೆ ಬೇರೆ ಮಿತಿ ಇರುತ್ತದೆ. ಮೇಲೆ ಕಾಣುವ ದೊಡ್ಡ ಮೊತ್ತ ನೋಡಿ ಖುಷಿಪಡಬೇಡಿ, ಒಳಗಿನ ಪಟ್ಟಿ ಓದಿ. ಹಡಗಿನಲ್ಲಿ ಆದ ಚಿಕಿತ್ಸೆಗೂ ಹಣ ಬರುತ್ತದಾ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ, ಈ ಎರಡು ಪ್ರಶ್ನೆಗೆ ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ಹಡಗಿನ ಆಸ್ಪತ್ರೆಯ ಬಿಲ್ಲು ನಮ್ಮ ಖಾತೆಗೇ ಬೀಳುತ್ತದೆ. ಮೊದಲು ನಾವು ಕಟ್ಟಬೇಕು, ಆಮೇಲೆ ಕ್ಲೇಮ್.

ವಾಂತಿಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಅವೊಮಿನ್. ನಾನು ತೆಗೆದುಕೊಂಡೆ. ಯಜಮಾನರಿಗೆ ಪ್ರಾಸ್ಟೇಟ್ ತೊಂದರೆ ಇದೆ, ಅಂಥ ಮಾತ್ರೆ ನುಂಗಿದರೆ ಮೂತ್ರ ಕಟ್ಟಬಹುದು, ಮಂಪರಿಗೆ ಬೀಳಲೂಬಹುದು ಅಂತ ಡಾಕ್ಟರು ಬೇಡ ಅಂದರು. ವಯಸ್ಸಾದವರು ಇದನ್ನು ಕೇಳದೆ ನುಂಗಬೇಡಿ. ಅವರು ಶುಂಠಿ ಅಗಿಯುತ್ತಾ ಕೂತರು. ಒಂದು ರಾತ್ರಿ ಮಾತ್ರ ಗಾಳಿ ಜೋರಾಯಿತು. ಲಿಫ್ಟಿನ ಹತ್ತಿರದ ಕಂಬಿಗಳಿಗೆ ವಾಂತಿ ಚೀಲ ಸಿಕ್ಕಿಸಿಟ್ಟರು. ನಮ್ಮ ರೂಮಿನಲ್ಲಿ ಕಪಾಟಿನೊಳಗಿನ ಹ್ಯಾಂಗರುಗಳು ಒಂದಕ್ಕೊಂದು ಬಡಿದು ಟಕ್ ಟಕ್ ಅನ್ನುತ್ತಿದ್ದವು. ಯಜಮಾನರು ಎದ್ದು ಅವುಗಳ ನಡುವೆ ಟವೆಲ್ ತುರುಕಿದರು. ಡ್ರಾಯರ್ ತೆರೆದುಕೊಂಡಿತು, ಅದಕ್ಕೆ ನನ್ನ ಚಪ್ಪಲಿ ಒತ್ತು ಕೊಟ್ಟರು. ಆಮೇಲೆ ಗೊರಕೆ. ಬೆಳಿಗ್ಗೆ ಮೇಲಿನ ಡೆಕ್ಕಿನವರು ಯಾರೂ ತಿಂಡಿಗೆ ಬಂದಂತೆ ಕಾಣಲಿಲ್ಲ!

ಊಟದ ಬಗ್ಗೆ ಹೆದರಬೇಡಿ. ಬುಕ್ ಮಾಡುವಾಗಲೇ ಇಂಡಿಯನ್ ವೆಜಿಟೇರಿಯನ್ ಅಂತ ಬರೆಸಿ, ಹತ್ತಿದ ಸಂಜೆ ಇನ್ನೊಂದು ಸಲ ಬಾಯಿಬಿಟ್ಟು ಹೇಳಿ. ನಮಗೆ ಬಡಿಸುತ್ತಿದ್ದ ಹುಡುಗ ಕುಂದಾಪುರದ ಕಡೆಯವನು. ಮೊದಲ ದಿನ ನಾವಿಬ್ಬರೂ ಮೆನು ಹಿಡಿದು ಕನ್ನಡದಲ್ಲಿ ಗೊಣಗುತ್ತಿದ್ದಾಗ, "ಅಮ್ಮ, ಅದ್ರಲ್ಲಿ ಮೀನಿನ ಸಾಸ್ ಇದೆ, ಬೇಡ" ಅಂದ. ಕರಾವಳಿಯ ಹುಡುಗರು ಹಡಗುಗಳಲ್ಲಿ ಎಷ್ಟೋ ಜನ ಇದ್ದಾರೆ ಅಂತ ಕೇಳಿದ್ದೆ, ಆವತ್ತು ನೋಡಿದೆ. ಆಮೇಲೆ ಪ್ರತಿ ರಾತ್ರಿ ಅನ್ನ, ಬೇಳೆ, ಮೊಸರು ತಪ್ಪಲಿಲ್ಲ. ನಾವು ಚಟ್ನಿಪುಡಿ ಒಯ್ದಿದ್ದೆವು. ರೈಸ್ ಕುಕ್ಕರ್ ಒಯ್ಯುವ ಯೋಚನೆ ಬೇಡ, ಬೆಂಕಿಯ ಭಯಕ್ಕೆ ಅಂಥದ್ದನ್ನೆಲ್ಲ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕಾಫಿ ಮಾತ್ರ ನಮ್ಮ ಫಿಲ್ಟರ್ ಕಾಫಿಯ ಹತ್ತಿರಕ್ಕೂ ಬರುವುದಿಲ್ಲ. ಟೀ ಕುಡಿಯಿರಿ.

ರಾತ್ರಿ ಊಟಕ್ಕೆ ಕೆಲವು ದಿನ ಪೂರ್ತಿ ಸಿಂಗಾರ ಮಾಡಿಕೊಂಡು ಬರಬೇಕು. ನಮ್ಮ ದೇಶದ ಉಡುಪು ಆಗುತ್ತದೆ. ಮೈಸೂರು ಸಿಲ್ಕ್ ಒಂದು, ಅವರಿಗೆ ಬಂದ್‌ಗಲಾ ಒಂದು, ಮುಗಿಯಿತು.

ಹಗಲು ಹೇಗೆ ಕಳೆಯಿತು ಅಂತ ಕೇಳುತ್ತಾರೆ. 7ನೇ ಡೆಕ್ಕಿನಲ್ಲಿ ಹಡಗನ್ನು ಪೂರ್ತಿ ಸುತ್ತುವ ದಾರಿ ಇದೆ, ಒಂದು ಸುತ್ತು ಅರ್ಧ ಕಿಲೋಮೀಟರಿಗಿಂತ ಜಾಸ್ತಿ. ದೊಡ್ಡ ಲೈಬ್ರರಿ ಇದೆ, ತಾರಾಲಯ ಕೂಡ ಇದೆ. ದಿನಾ ಮಧ್ಯಾಹ್ನ 12ಕ್ಕೆ ಕ್ಯಾಪ್ಟನ್ ಮೈಕಿನಲ್ಲಿ ಹಡಗು ಎಲ್ಲಿದೆ, ಕೆಳಗೆ ನೀರು ಎಷ್ಟು ಆಳ ಇದೆ ಅಂತ ಹೇಳುತ್ತಾರೆ. ಯಜಮಾನರು ಅದನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ವಾರ ಫೋನು ಇಲ್ಲದೆ ಚಡಪಡಿಸುವವರು ಈ ಪ್ರಯಾಣ ಮಾಡದಿರುವುದೇ ವಾಸಿ. ಇಂಟರ್ನೆಟ್ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡು. ಮರೆವಿನ ಕಾಯಿಲೆ ಶುರುವಾದವರನ್ನೂ ಕರೆದೊಯ್ಯಬೇಡಿ ಅಂತಲೇ ನಾನು ಹೇಳುವುದು. ಒಂದೇ ಥರದ ಕಾರಿಡಾರುಗಳು, ಒಂದೇ ಥರದ ಬಾಗಿಲುಗಳು, ನಮಗೇ ದಾರಿ ತಪ್ಪುತ್ತಿತ್ತು.

ಖರ್ಚಿನಲ್ಲಿ ಟಿಕೆಟ್ಟಿನ ಮೇಲೆ ಬೀಳುವುದು: ದಿನದ ಲೆಕ್ಕದ ಟಿಪ್ಸ್, ಇಂಟರ್ನೆಟ್, ಎರಡು ವೀಸಾ (ಇಂಗ್ಲೆಂಡಿನದು, ಅಮೆರಿಕದ್ದು), ಇನ್ಶೂರೆನ್ಸ್, ಲಂಡನ್ನಿನಲ್ಲಿ ಉಳಿಯುವ ಖರ್ಚು. ಹಡಗು ಹೊರಡುವ ದಿನವೇ ಲಂಡನ್ನಿಗೆ ಇಳಿಯುವ ಹಾಗೆ ಟಿಕೆಟ್ ಮಾಡಿಸಬೇಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಒಬ್ಬರೇ ಹೋಗುವವರಿಗೆ ಇಬ್ಬರ ರೂಮಿನ ಬೆಲೆಯ ಹತ್ತಿರ ಹತ್ತಿರ ಬೀಳುತ್ತದೆ. ಇಲ್ಲಿನ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ರಸೀದಿ ಇಟ್ಟುಕೊಂಡು ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ತೋರಿಸಿ.

ಇಳಿಯುವ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ರೂಮಿನ ಹೊರಗೆ ಇಡಬೇಕು, ಮತ್ತೆ ಸಿಗುವುದು ಬಂದರಿನಲ್ಲೇ. ಮಾತ್ರೆ, ಇನ್ಸುಲಿನ್, ಡಾಕ್ಟರ ಪತ್ರ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ನಸುಕಿನಲ್ಲಿ ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರಜಾನೋ ಸೇತುವೆ ಕೆಳಗೆ ಹಡಗು ತೂರಿ ಹೋಗುವುದನ್ನು ನೋಡಲು ಜನ ಮೇಲೆ ಸೇರುತ್ತಾರೆ. ಚಿಮಣಿ ಸೇತುವೆಗೆ ತಾಗಿಯೇ ಬಿಡುತ್ತದೇನೋ ಅನ್ನಿಸುತ್ತದಂತೆ. ಯಜಮಾನರು ಹೋಗಿದ್ದರು, ನಾನು ಮಲಗಿದ್ದೆ. ವೀಲ್‌ಚೇರ್ ಬೇಕಾದವರು ಹಿಂದಿನ ದಿನವೇ ಹೆಸರು ಬರೆಸಿ, ಎಷ್ಟು ಗಂಟೆಗೆ ಎಲ್ಲಿ ಕೂತಿರಬೇಕು ಅಂತ ಚೀಟಿ ಕೊಡುತ್ತಾರೆ. ಕರೆದೊಯ್ಯಲು ಬರುವ ಮಕ್ಕಳಿಗೆ, ಹಡಗು ಕಟ್ಟಿದ ತಕ್ಷಣ ಬರಬೇಡಿ ಅಂತ ಹೇಳಿ. ಇಮಿಗ್ರೇಷನ್ ಸಾಲು ಮುಗಿದು ಹೊರಗೆ ಬರುವಷ್ಟರಲ್ಲಿ ನಮಗೆ ಹತ್ತು ಗಂಟೆ ದಾಟಿತ್ತು. ಮಗಳು ಆರೂವರೆಯಿಂದ ಕಾರಿನಲ್ಲಿ ಕಾದು ಕೂತಿದ್ದಳು.